ವರ್ಚುವಲ್ ಮಷೀನ್‌ನ ಸ್ಟ್ಯಾಕ್: ಗಾರ್ಬೇಜ್ ಕಲೆಕ್ಟರ್ ಎಲ್ಲಿಯವರೆಗೆ ನೋಡಬೇಕು?

ಗಾರ್ಬೇಜ್ ಕಲೆಕ್ಟರ್ ಎಂದರೆ ಪ್ರೋಗ್ರಾಂಗೆ ಇನ್ನು ಬೇಡವಾದ ಮೆಮೊರಿಯನ್ನು ಬಿಡಿಸುವ ಭಾಗ. ಬೇಕಾದ ಆಬ್ಜೆಕ್ಟ್‌ಗಳಿಗೆ ಗುರುತು ಹಾಕಿ (ಮಾರ್ಕ್) ಉಳಿದವನ್ನು ಗುಡಿಸುವ (ಸ್ವೀಪ್) ಮಾರ್ಕ್-ಸ್ವೀಪ್ ಕಲೆಕ್ಟರ್‌ಗೆ, ಪ್ರೋಗ್ರಾಂ ಓಡಿಸುವ ವರ್ಚುವಲ್ ಮಷೀನ್ ತನ್ನ ಮೌಲ್ಯಗಳನ್ನು ಪೇರಿಸಿಡುವ ಸ್ಟ್ಯಾಕ್ ಎಂದರೆ ರೂಟ್, ಅಂದರೆ ಹುಡುಕಾಟ ಶುರುವಾಗುವ ಜಾಗ. ಸ್ಟ್ಯಾಕ್‌ನ ಸ್ಲಾಟ್‌ಗಳು (ಒಂದೊಂದು ಮೌಲ್ಯದ ಜಾಗಗಳು) ತೋರಿಸುವ ಹೀಪ್ (ಬೇಕಾದಾಗ ಕೇಳಿ ಪಡೆಯುವ ಮೆಮೊರಿ) ಆಬ್ಜೆಕ್ಟ್‌ಗಳೆಲ್ಲ ಉಳಿಯಬೇಕು. ಬುಡದಿಂದ ಶುರುಮಾಡಿ ಸ್ಟ್ಯಾಕ್ ಪಾಯಿಂಟರ್ (ಬಳಕೆಯ ತುದಿಯ ಗುರುತು) ಬರುವವರೆಗೆ ಒಂದೊಂದೇ ಸ್ಲಾಟ್ ನೋಡಿ, ಮೌಲ್ಯದ ಬಗೆ ಹೇಳುವ ಟ್ಯಾಗ್ ಆಬ್ಜೆಕ್ಟ್ ಎಂದಿದ್ದರೆ ಮಾರ್ಕ್ ಮಾಡಿ. ಪ್ರತಿ ಕಾಲ್ ಫ್ರೇಮ್ (ಒಂದು ಫಂಕ್ಷನ್ ಕರೆಯ ದಾಖಲೆ) ಹಿಡಿದಿರುವ ಕ್ಲೋಷರ್ (ಹೊರಗಿನ ವೇರಿಯಬಲ್‌ಗಳನ್ನು ಹಿಡಿದಿಟ್ಟ ಫಂಕ್ಷನ್) ಮತ್ತು ಇನ್ನೂ ತೆರೆದಿರುವ, ಅಂದರೆ ಸ್ಟ್ಯಾಕ್‌ನ ಸ್ಲಾಟನ್ನೇ ತೋರಿಸುತ್ತಿರುವ, ಅಪ್‌ವ್ಯಾಲ್ಯೂಗಳನ್ನೂ (ಹಾಗೆ ಹಿಡಿದ ವೇರಿಯಬಲ್‌ಗಳು) ಮರೆಯಬೇಡಿ.

ಪಾಯಿಂಟರ್‌ಗಿಂತ ಮೇಲಿನ ಸ್ಲಾಟ್‌ಗಳನ್ನು ಮಾರ್ಕ್ ಮಾಡಬಾರದು. ಪಾಪ್ ಮಾಡಿದಾಗ (ತುದಿಯ ಮೌಲ್ಯ ತೆಗೆದಾಗ) ಪಾಯಿಂಟರ್ ಇಳಿಯುತ್ತದೆ, ಹಳೆಯ ಮೌಲ್ಯ ಅಲ್ಲೇ ಬಿದ್ದಿರುತ್ತದೆ. ಪ್ರತಿ ಫ್ರೇಮ್‌ಗೂ ಸ್ಲಾಟ್‌ಗಳನ್ನು ಮೊದಲೇ ಕಾದಿರಿಸುವ ರಿಜಿಸ್ಟರ್ ಮಾದರಿಯ ಮಷೀನ್‌ನಲ್ಲಿ ಇದು ಇನ್ನೂ ಅಪಾಯ: ಹೊಸ ಫ್ರೇಮ್ ಒಮ್ಮೆಗೇ 20 ಸ್ಲಾಟ್ ಕಾದಿರಿಸಿದರೆ, ಹಿಂದಿನ ಸುತ್ತಿನಲ್ಲೇ ಬಿಡುಗಡೆಯಾದ ಆಬ್ಜೆಕ್ಟ್‌ನ ವಿಳಾಸ ಅದರೊಳಗೆ ಜೀವಂತ ಮೌಲ್ಯದಂತೆ ಕೂತಿರುತ್ತದೆ. ಅದನ್ನು ಮಾರ್ಕ್ ಮಾಡಲು ಹೋದರೆ ಕ್ರ್ಯಾಶ್. ಫ್ರೇಮ್ ಶುರುವಾದಾಗಲೇ ಸ್ಲಾಟ್‌ಗಳಿಗೆ ನಿಲ್ (ಖಾಲಿ ಮೌಲ್ಯ) ತುಂಬಿ. ಇಲ್ಲವೇ ಪ್ರತಿ ಕಲೆಕ್ಷನ್‌ನಲ್ಲಿ ಮೇಲಿನ ಖಾಲಿ ಭಾಗವನ್ನು ಅಳಿಸಿ.

ಅತಿ ಹೆಚ್ಚು ಕಾಡುವ ದೋಷ ಅಲೊಕೇಶನ್‌ನ (ಮೆಮೊರಿ ಕೇಳುವ ಕೆಲಸದ) ಸುತ್ತ ಇರುತ್ತದೆ; ಕಲೆಕ್ಟರ್ ಓಡುವುದು ಸಾಮಾನ್ಯವಾಗಿ ಆಗಲೇ. ಎರಡು ಸ್ಟ್ರಿಂಗ್ ಜೋಡಿಸಲು ಎರಡನ್ನೂ ಪಾಪ್ ಮಾಡಿ ಹೊಸದಕ್ಕೆ ಜಾಗ ಕೇಳಿದಿರಿ ಎನ್ನಿ. ಆ ಕ್ಷಣವೇ ಕಲೆಕ್ಟರ್ ಓಡಿದರೆ, ಬೇರೆಲ್ಲೂ ಹಿಡಿತವಿಲ್ಲದ ಎರಡೂ ಸ್ಟ್ರಿಂಗ್ ಮಾಯ. ಹಾಗಾಗಿ ಪಾಪ್ ಮಾಡದೆ ಇಣುಕಿ ಓದಿ, ಫಲಿತಾಂಶ ಸಿದ್ಧವಾದ ಮೇಲೆ ಪಾಪ್ ಮಾಡಿ. ಹೊಸ ಆಬ್ಜೆಕ್ಟನ್ನು ಟೇಬಲ್‌ಗೆ ಸೇರಿಸುವ ಮೊದಲು ಸ್ಟ್ಯಾಕ್‌ಗೆ ಪುಶ್ ಮಾಡಿ: ಟೇಬಲ್ ಬೆಳೆಯುವಾಗಲೂ ಅಲೊಕೇಶನ್ ನಡೆಯುತ್ತದೆ.

ಮಾರ್ಕ್ ಮಾಡಲು ರಿಕರ್ಶನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಬೇಡ. ಉದ್ದದ ಲಿಂಕ್ಡ್ ಲಿಸ್ಟ್ ಒಂದೇ ಸಾಕು, ಹೋಸ್ಟ್ ಪ್ರೋಗ್ರಾಂನ ಸ್ಟ್ಯಾಕ್ ಉಕ್ಕುತ್ತದೆ. ಬಾಕಿ ಆಬ್ಜೆಕ್ಟ್‌ಗಳಿಗೆ ಬೇರೆ ಪಟ್ಟಿ ಇಡಿ. ಅದರ ಮೆಮೊರಿಯನ್ನು ನೇರ ಆಪರೇಟಿಂಗ್ ಸಿಸ್ಟಮ್ ಕಡೆಯಿಂದ ಪಡೆಯಿರಿ, ಇಲ್ಲದಿದ್ದರೆ ಕಲೆಕ್ಷನ್ ನಡುವೆ ಇನ್ನೊಂದು ಕಲೆಕ್ಷನ್ ಶುರುವಾಗುತ್ತದೆ.

ಪ್ರೋಗ್ರಾಂ ನಡುವೆ ಸ್ವಲ್ಪಸ್ವಲ್ಪವಾಗಿ ಓಡುವ ಇನ್‌ಕ್ರಿಮೆಂಟಲ್ ಕಲೆಕ್ಟರ್ ಆದರೆ ಪ್ರತಿ ಪುಶ್‌ಗೂ ರೈಟ್ ಬ್ಯಾರಿಯರ್ (ಬರೆದ ಬದಲಾವಣೆಯನ್ನು ಕಲೆಕ್ಟರ್‌ಗೆ ತಿಳಿಸುವ ಕೋಡ್) ಹಾಕುವುದು ದುಬಾರಿ. ಕೊನೆಯಲ್ಲಿ ಪ್ರೋಗ್ರಾಂ ನಿಲ್ಲಿಸಿ ಇಡೀ ಸ್ಟ್ಯಾಕನ್ನು ಮತ್ತೊಮ್ಮೆ ನೋಡುವುದು ಸರಳ.

ಬೆಳೆದ ಸ್ಟ್ಯಾಕನ್ನು ಕುಗ್ಗಿಸುವುದೂ ಕಲೆಕ್ಟರ್‌ನ ಕೆಲಸ. ಗೋ ಭಾಷೆಯ ರನ್‌ಟೈಮ್, ಗೋರುಟೀನ್ (ಗೋದ ಹಗುರ ಥ್ರೆಡ್) ತನ್ನ ಸ್ಟ್ಯಾಕ್‌ನ ಕಾಲುಭಾಗಕ್ಕಿಂತ ಕಡಿಮೆ ಬಳಸುತ್ತಿದ್ದರೆ ಗಾತ್ರವನ್ನು ಅರ್ಧಕ್ಕೆ ಇಳಿಸುತ್ತದೆ. ನಿಮ್ಮ ಮಷೀನ್‌ನಲ್ಲಿ ಸ್ಟ್ಯಾಕ್ ಜಾಗ ಬದಲಿಸಿದಾಗ ತೆರೆದ ಅಪ್‌ವ್ಯಾಲ್ಯೂಗಳ ಪಾಯಿಂಟರ್‌ಗಳೆಲ್ಲ ಹಳಸುತ್ತವೆ. ವಿಳಾಸದ ಬದಲು ಇಂಡೆಕ್ಸ್ ಇಟ್ಟರೆ ಈ ರಗಳೆಯೇ ಇಲ್ಲ.

ಪರೀಕ್ಷೆಗೆ, ಪ್ರತಿ ಅಲೊಕೇಶನ್‌ಗೂ ಕಲೆಕ್ಟರ್ ಓಡುವ ಸ್ಟ್ರೆಸ್ ಮೋಡ್ ಇಡಿ. ಬಿಡುಗಡೆಯಾದ ಮೆಮೊರಿಗೆ ಅರ್ಥವಿಲ್ಲದ ಬೈಟ್ ತುಂಬಿ. ನಿಧಾನ ನಿಜ, ಆದರೆ ವಾರಕ್ಕೊಮ್ಮೆ ಇಣುಕುವ ಬಗ್ ಮೊದಲ ಓಟದಲ್ಲೇ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು.