ವರ್ಟಿಕಲ್ ಆಂಟೆನಾ: ಮೊದಲು ನೆಲದ ತಂತಿ, ಆಮೇಲೆ ಟ್ಯೂನಿಂಗ್

ಹ್ಯಾಮ್ ರೇಡಿಯೋ ಹವ್ಯಾಸಿಗಳು ಸೆಟ್ಟು, ಬ್ಯಾಟರಿ ಹೊತ್ತು ಬಯಲಿಗೆ ಹೋದಾಗ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಆಗುವುದನ್ನು ನೋಡಿದ್ದೇನೆ. ಆಂಟೆನಾದ ಕಂಬ ಐದು ನಿಮಿಷದಲ್ಲಿ ಎದ್ದು ನಿಲ್ಲುತ್ತದೆ, ಬುಡದಲ್ಲಿ ಒಂದೆರಡು ತಂತಿಗಳನ್ನು ಹುಲ್ಲಿನ ಮೇಲೆ ಎಸೆದು ಮುಗಿಸುತ್ತಾರೆ, ಅಲ್ಲಿಂದ ಮುಂದಿನ ಒಂದು ಗಂಟೆ, ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ಹಿಂದಿರುಗುತ್ತಿದೆ ಎಂದು ಸೂಚಿಸುವ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳನ್ನು ಇಳಿಸುವುದರಲ್ಲೇ ಕಳೆಯುತ್ತದೆ. ಕೊನೆಗೆ ಮುಳ್ಳು ಇಳಿದರೂ ಕರೆಗೆ ಉತ್ತರ ಬರುವುದಿಲ್ಲ. ಇಲ್ಲಿ ಉದಾಹರಣೆಗೆ 20 ಮೀಟರ್ ಬ್ಯಾಂಡ್ (14 ಮೆಗಾಹರ್ಟ್ಸ್ ಆಸುಪಾಸಿನ ಆವರ್ತನಗಳು) ತೆಗೆದುಕೊಂಡಿದ್ದೇನೆ. ಬೇರೆ ಬ್ಯಾಂಡಿಗೆ ಅಳತೆ ಬದಲಾಗುತ್ತದೆಯೇ ಹೊರತು ಕೆಲಸದ ಕ್ರಮ ಬದಲಾಗುವುದಿಲ್ಲ.

1. ಜಾಗ ಮತ್ತು ಕಂಬ

ವಿದ್ಯುತ್ ತಂತಿಗಳಿಂದ ಆಂಟೆನಾದ ಎತ್ತರದ ಕನಿಷ್ಠ ಎರಡು ಪಟ್ಟು ದೂರವಿರಿ. ಗುಡುಗು ಕೇಳಿಸಿದರೆ ಆಂಟೆನಾ ನಿಲ್ಲಿಸಲೇಬೇಡಿ. ತಂತಿಯ ಆಂಟೆನಾ ಆದರೆ ಫೈಬರ್ ಗ್ಲಾಸಿನ ಮಡಚುವ ಕಂಬ ಅಥವಾ ಗಾಳದ ಕೋಲು ಸಾಕು. ಕಾರ್ಬನ್ ಫೈಬರ್ ಕೋಲು ಹಗುರವಾಗಿದೆ ಎಂದು ಕೊಳ್ಳಬೇಡಿ, ಅದು ವಿದ್ಯುತ್ ಹರಿಸುವುದರಿಂದ ಪಕ್ಕದ ತಂತಿಯ ಟ್ಯೂನಿಂಗನ್ನು ಕೆಡಿಸುತ್ತದೆ. ಕಂಬಕ್ಕೆ ಮೂರು ಕಡೆಯಿಂದ ಹಗ್ಗ ಬಿಗಿಯಿರಿ.

2. ಲಂಬ ತಂತಿಯ ಉದ್ದ

71.3 ಅನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಕಾಲು ತರಂಗದೂರದ ಅಂದಾಜು ಉದ್ದ ಮೀಟರಿನಲ್ಲಿ ಸಿಗುತ್ತದೆ. 14.15ಕ್ಕೆ ಅದು ಸುಮಾರು 5.04 ಮೀಟರ್. ಪ್ಲಾಸ್ಟಿಕ್ ಹೊದಿಕೆಯ ತಂತಿ ಇದಕ್ಕಿಂತ ತುಸು ಕಡಿಮೆ ಉದ್ದದಲ್ಲೇ ಹೊಂದುತ್ತದೆ. ಆದರೂ ಮೊದಲು 5.20 ಮೀಟರಿಗೇ ಕತ್ತರಿಸಿಕೊಳ್ಳಿ, ಹೆಚ್ಚಾದದ್ದನ್ನು ಟ್ಯೂನಿಂಗ್ ಮಾಡುವಾಗ ಗಿಡ್ಡ ಮಾಡಬಹುದು.

3. ನೆಲದ ತಂತಿಗಳು

ಕಣ್ಣಿಗೆ ಕಾಣುವ ಲಂಬ ತಂತಿ ಆಂಟೆನಾದ ಅರ್ಧ ಭಾಗ ಮಾತ್ರ. ಕೋಆಕ್ಸ್ ಕೇಬಲ್ಲಿನ ನಡುತಂತಿಯಿಂದ ಮೇಲಕ್ಕೆ ಎಷ್ಟು ವಿದ್ಯುತ್ ಹರಿಯುತ್ತದೆಯೋ ಅಷ್ಟೇ ವಿದ್ಯುತ್ ಕೇಬಲ್ಲಿನ ಹೊರಜಾಲರಿಗೆ ಹಿಂದಿರುಗಲೇಬೇಕು. ಹಿಂದಿರುಗಲು ಬುಡದಿಂದ ಸುತ್ತಲೂ ಹರಡಿದ ನೆಲದ ತಂತಿಗಳು, ಅಂದರೆ ರೇಡಿಯಲ್ ತಂತಿಗಳು, ಇದ್ದರೆ ಅದು ತಾಮ್ರದಲ್ಲಿ ಬರುತ್ತದೆ, ಇಲ್ಲದಿದ್ದರೆ ಮಣ್ಣಿನಲ್ಲಿ ಬರುತ್ತದೆ. ಮಣ್ಣು ಕೆಟ್ಟ ವಾಹಕವಾದ್ದರಿಂದ ನಿಮ್ಮ ಶಕ್ತಿ ಅಲ್ಲಿ ಬಿಸಿಯಾಗಿ ಮುಗಿಯುತ್ತದೆ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಕಾಲು ತರಂಗದ ಲಂಬ ಆಂಟೆನಾದ ವಿಕಿರಣ ರೋಧ, ಅಂದರೆ ಅಲೆಯಾಗಿ ಹೊರಹೋಗುವ ಶಕ್ತಿಯನ್ನು ಪ್ರತಿನಿಧಿಸುವ ರೋಧ, ಸುಮಾರು 36 ಓಮ್. ಎರಡು ಮೂರು ತಂತಿಗಳನ್ನಷ್ಟೇ ಹರಡಿದ ಕಡೆ ನೆಲದ ನಷ್ಟದ ರೋಧ 14 ಓಮ್ ಇದೆ ಎಂದುಕೊಳ್ಳೋಣ. ಎರಡೂ ಕೂಡಿ 50 ಓಮ್ ಆಗುತ್ತದೆ, 50 ಓಮ್ ಕೇಬಲ್ಲಿಗೆ ಅದು ಸರಿಯಾಗಿ ಹೊಂದುತ್ತದೆ, ಮೀಟರು ಏನೂ ಹಿಂದಿರುಗುತ್ತಿಲ್ಲವೆಂಬ 1:1 ತೋರಿಸುತ್ತದೆ, ಆದರೆ ಶಕ್ತಿಯ ಶೇ 28ರಷ್ಟು ಮಣ್ಣಿಗೆ ಹೋಗುತ್ತಿರುತ್ತದೆ. ಈಗ ಇನ್ನಷ್ಟು ತಂತಿ ಹರಡಿ ನಷ್ಟವನ್ನು 4 ಓಮಿಗೆ ಇಳಿಸಿದರೆ ಒಟ್ಟು ರೋಧ 40 ಓಮ್ ಆಗಿ ಎಸ್‌ಡಬ್ಲ್ಯುಆರ್ 1.25ಕ್ಕೆ ಏರುತ್ತದೆ, ನಷ್ಟ ಮಾತ್ರ ಶೇ 10ಕ್ಕೆ ಇಳಿಯುತ್ತದೆ. ಮೀಟರಿನ ಪ್ರಕಾರ ಆಂಟೆನಾ ಕೆಟ್ಟಿದೆ, ನಿಜದಲ್ಲಿ ಸುಧಾರಿಸಿದೆ. ಹೊಸಬರು ಈ ಹಂತದಲ್ಲಿ ಗಾಬರಿಯಾಗಿ ಹೆಚ್ಚುವರಿ ತಂತಿಗಳನ್ನು ಕಿತ್ತುಹಾಕುವುದನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಹಾಗಾದರೆ ಎಷ್ಟು ತಂತಿ ಬೇಕು? ಅಮೆರಿಕದ ಎಂಜಿನಿಯರುಗಳಾದ ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೈನ್ 1937ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ಮಧ್ಯಮ ತರಂಗದ ಪ್ರಸಾರ ಕೇಂದ್ರಗಳು ಗೋಪುರದ ಬುಡದಲ್ಲಿ 120 ತಂತಿಗಳನ್ನು ಹೂಳುವ ಪದ್ಧತಿ ನೆಲೆಯೂರಿತು. ಬಯಲಿನಲ್ಲಿ ಒಂದು ದಿನ ನಿಲ್ಲಿಸುವ ಆಂಟೆನಾಕ್ಕೆ ಅಷ್ಟು ಬೇಡ. ನಾನು ತಲಾ 4 ಮೀಟರಿನ 16 ತಂತಿಗಳನ್ನು ಒಯ್ಯುತ್ತೇನೆ, ಎಂಟಕ್ಕಿಂತ ಕಡಿಮೆ ತಂತಿಯಲ್ಲಿ ಕೆಲಸ ಶುರುಮಾಡುವುದಿಲ್ಲ. ನೆಲಕ್ಕೆ ತಾಗಿ ಮಲಗಿದ ತಂತಿಯನ್ನು ಮಣ್ಣೇ ಅನುರಣನದಿಂದ (ಒಂದು ಆವರ್ತನಕ್ಕೆ ಹೊಂದಿಕೊಂಡ ಸ್ಥಿತಿಯಿಂದ) ಕದಲಿಸುವುದರಿಂದ ಅದರ ಉದ್ದ ಸೆಂಟಿಮೀಟರ್ ಲೆಕ್ಕದಲ್ಲಿ ನಿಖರವಾಗಿರಬೇಕಿಲ್ಲ. ಒಟ್ಟು ತಂತಿ ಅಷ್ಟೇ ಇದ್ದರೆ ಉದ್ದನೆಯ ನಾಲ್ಕಕ್ಕಿಂತ ಗಿಡ್ಡನೆಯ ಹದಿನಾರು ಮೇಲು, ಏಕೆಂದರೆ ವಿದ್ಯುತ್ತು ಬುಡದ ಹತ್ತಿರವೇ ಹೆಚ್ಚು ದಟ್ಟವಾಗಿರುತ್ತದೆ.

ಹರಡುವ ಕ್ರಮ ಹೀಗಿರಲಿ. ನಾಲ್ಕು ನಾಲ್ಕು ತಂತಿಗಳ ತುದಿಗಳನ್ನು ಒಂದೊಂದು ಲಗ್ಗಿಗೆ (ಬೋಲ್ಟಿಗೆ ಸಿಕ್ಕಿಸುವ ಲೋಹದ ಉಂಗುರದ ತುದಿಗೆ) ಬೆಸುಗೆ ಹಾಕಿ ನಾಲ್ಕು ಕಟ್ಟು ಮಾಡಿಟ್ಟುಕೊಳ್ಳಿ. ಬಯಲಿನಲ್ಲಿ ಆ ನಾಲ್ಕು ಲಗ್ಗುಗಳನ್ನು ಬುಡದ ಬೋಲ್ಟಿಗೆ ಸೇರಿಸಿ ವಿಂಗ್ ನಟ್‌ನಿಂದ ಬಿಗಿಯಿರಿ, ಪ್ರತಿ ಕಟ್ಟನ್ನು ಒಂದೊಂದು ದಿಕ್ಕಿಗೆ ಬಿಡಿಸುತ್ತ ನಡೆಯಿರಿ, ತಂತಿಗಳ ನಡುವಿನ ಅಂತರ ಆದಷ್ಟು ಸಮನಾಗಿರಲಿ. ಒಂದು ಕಡೆ ಗೋಡೆಯೋ ಬಂಡೆಯೋ ಅಡ್ಡ ಬಂದರೆ ಅಲ್ಲಿಯ ತಂತಿಗಳನ್ನು ಪಕ್ಕಕ್ಕೆ ಬಾಗಿಸಿದರೆ ಸಾಕು. ತುದಿಗಳನ್ನು ಗೂಟಕ್ಕೆ ಸಿಕ್ಕಿಸಿ ಬಣ್ಣದ ಬಟ್ಟೆ ಕಟ್ಟಿ, ಇಲ್ಲದಿದ್ದರೆ ನಡೆಯುವವರ ಕಾಲಿಗೆ ತೊಡರುತ್ತದೆ.

ಲೋಹದ ಗೂಟವೊಂದನ್ನು ನೆಲಕ್ಕೆ ಹೊಡೆದು ಅದನ್ನೇ ಅರ್ಥಿಂಗ್ ಎಂದು ನಂಬುವವರಿದ್ದಾರೆ. ಅದು ಕಂಬವನ್ನು ಹಿಡಿದು ನಿಲ್ಲಿಸುತ್ತದೆ, ರೇಡಿಯೋ ಆವರ್ತನದಲ್ಲಿ ರೇಡಿಯಲ್ ತಂತಿಗಳ ಕೆಲಸ ಮಾಡುವುದಿಲ್ಲ. ‘ನೆಲದ ತಂತಿಯೇ ಬೇಡ’ ಎಂದು ಮಾರುವ ಗಿಡ್ಡ ಆಂಟೆನಾಗಳನ್ನು ಕೊಳ್ಳಬೇಡಿ ಎಂಬುದು ನನ್ನ ಖಚಿತ ಸಲಹೆ. ಅಂಥವುಗಳಲ್ಲಿ ಸಾಮಾನ್ಯವಾಗಿ ಕೇಬಲ್ಲಿನ ಹೊರಜಾಲರಿಯೇ ನೆಲದ ತಂತಿಯಾಗಿ ಕೆಲಸ ಮಾಡುತ್ತಿರುತ್ತದೆ, ಮೈಕ್ ಮುಟ್ಟಿದರೆ ತುಟಿ ಚುರುಗುಟ್ಟುವುದು ಇದರಿಂದಲೇ.

ಬುಡವನ್ನು ಒಂದು ಮೀಟರಿಗೂ ಮೇಲೆ ಎತ್ತಿ ಕಟ್ಟುವುದಾದರೆ ಲೆಕ್ಕವೇ ಬೇರೆ. ಆಗ ಎದುರುಬದುರಾಗಿ ಎರಡೋ ನಾಲ್ಕೋ ತಂತಿ ಸಾಕು, ಆದರೆ ಅವುಗಳನ್ನು ಕಾಲು ತರಂಗದೂರಕ್ಕೆ ನಿಖರವಾಗಿ ಕತ್ತರಿಸಬೇಕು.

4. ಚೋಕ್

ಕೇಬಲ್ಲಿನ ಹೊರಜಾಲರಿಯ ಹೊರಮೈಯಲ್ಲಿ ವಿದ್ಯುತ್ ಹರಿಯದಂತೆ ತಡೆಯುವುದು ಚೋಕಿನ ಕೆಲಸ. ಅದಕ್ಕಾಗಿ ಆಂಟೆನಾದ ಬುಡದಲ್ಲೇ 31 ಅಥವಾ 43 ಮಿಶ್ರಣದ 2.4 ಇಂಚಿನ ಫೆರೈಟ್ ಉಂಗುರಕ್ಕೆ ತೆಳು ಕೋಆಕ್ಸನ್ನು ಹತ್ತರಿಂದ ಹನ್ನೆರಡು ಸುತ್ತು ಸುತ್ತಿ. ಕೇಬಲ್ಲನ್ನು ಕೈಯಲ್ಲಿ ಹಿಡಿದಾಗ ಮೀಟರಿನ ಅಂಕಿ ಬದಲಾದರೆ ಹೊರಜಾಲರಿಯ ಮೇಲೆ ಇನ್ನೂ ವಿದ್ಯುತ್ ಹರಿಯುತ್ತಿದೆ ಎಂದರ್ಥ. ಆ ಸ್ಥಿತಿಯಲ್ಲಿ ಟ್ಯೂನ್ ಮಾಡಿದ್ದು ನಿಲ್ಲುವುದಿಲ್ಲ.

5. ಟ್ಯೂನಿಂಗ್

ನೆಲದ ತಂತಿಗಳೆಲ್ಲ ಹರಡಿದ ಮೇಲೆಯೇ ಈ ಹಂತಕ್ಕೆ ಬನ್ನಿ, ಆಮೇಲೆ ಒಂದು ತಂತಿಯನ್ನೂ ಕದಲಿಸಬೇಡಿ. ಹೊಂದಾಣಿಕೆಯನ್ನು ತಾನೇ ಸರಿಪಡಿಸುವ, ಸೆಟ್ಟಿನೊಳಗಿನ ಟ್ಯೂನರನ್ನು ಆಫ್ ಮಾಡಿ, ಇಲ್ಲದಿದ್ದರೆ ನೀವು ನೋಡುತ್ತಿರುವುದು ಟ್ಯೂನರಿನ ಕೆಲಸವನ್ನು, ಆಂಟೆನಾದ್ದನ್ನಲ್ಲ. ಪ್ರತಿ ಆವರ್ತನದಲ್ಲೂ ಎಸ್‌ಡಬ್ಲ್ಯುಆರ್ ಅಳೆದು ತೋರಿಸುವ ಆಂಟೆನಾ ಅನಲೈಸರ್ ಅಥವಾ ನ್ಯಾನೋವಿಎನ್‌ಎ ಇದ್ದರೆ ಅದನ್ನು ಕೇಬಲ್ಲಿನ ಆಂಟೆನಾ ಕಡೆಯ ತುದಿಯಲ್ಲಿ ಓಪನ್, ಶಾರ್ಟ್, ಲೋಡ್ ಎಂಬ ಮೂರು ಪರೀಕ್ಷಾ ತುದಿಗಳನ್ನೂ ಒಂದೊಂದಾಗಿ ಜೋಡಿಸಿ ಕ್ಯಾಲಿಬ್ರೇಟ್ ಮಾಡಿಕೊಳ್ಳಿ. ಅದು ಜೋಡಿಸಿರುವಾಗ ಪಕ್ಕದಲ್ಲಿ ಯಾರೂ ಪ್ರಸಾರ ಮಾಡಬಾರದು. ಬರೀ ಎಸ್‌ಡಬ್ಲ್ಯುಆರ್ ಮೀಟರಿದ್ದರೆ ಆವರ್ತನ ಖಾಲಿಯಿದೆಯೇ ಎಂದು ಮೊದಲು ಕೇಳಿಸಿಕೊಂಡು, ಕರೆಸಂಕೇತ ಹೇಳಿ, ಕಡಿಮೆ ಶಕ್ತಿಯಲ್ಲಿ ಕೆಲವೇ ಸೆಕೆಂಡು ಪರೀಕ್ಷಿಸಿ. ಓದುವಾಗ ಆಂಟೆನಾದಿಂದ ಕೆಲವು ಮೀಟರ್ ದೂರ ಸರಿಯಿರಿ, ಹತ್ತಿರ ನಿಂತ ಮೈಯೂ ಅಂಕಿಯನ್ನು ಬದಲಿಸುತ್ತದೆ.

ಹುಡುಕಬೇಕಾದದ್ದು ಎಸ್‌ಡಬ್ಲ್ಯುಆರ್ ಎಷ್ಟು ಇಳಿಯಿತು ಎಂಬುದನ್ನಲ್ಲ, ಯಾವ ಆವರ್ತನದಲ್ಲಿ ಅತಿ ಕೆಳಗಿಳಿಯಿತು ಎಂಬುದನ್ನು. ಆ ತಗ್ಗು ಬೇಕಾದ ಆವರ್ತನಕ್ಕಿಂತ ಕೆಳಗಿದ್ದರೆ ತಂತಿ ಉದ್ದವಾಗಿದೆ, ಮೇಲಿದ್ದರೆ ಗಿಡ್ಡವಾಗಿದೆ. ಈಗಿನ ಉದ್ದವನ್ನು ತಗ್ಗಿನ ಆವರ್ತನದಿಂದ ಗುಣಿಸಿ ಬೇಕಾದ ಆವರ್ತನದಿಂದ ಭಾಗಿಸಿ. 5.20 ಮೀಟರಿನ ತಂತಿ 13.70ರಲ್ಲಿ ತಗ್ಗು ತೋರಿಸಿದರೆ 14.15ಕ್ಕೆ ಬೇಕಾದದ್ದು 5.03 ಮೀಟರ್, ಅಂದರೆ ಸುಮಾರು 17 ಸೆಂಟಿಮೀಟರ್ ಕಡಿಮೆ. ಅಷ್ಟನ್ನೂ ಕತ್ತರಿಸಬೇಡಿ, ತುದಿಯನ್ನು ಹಿಂದಕ್ಕೆ ಮಡಚಿ ಅದೇ ತಂತಿಗೆ ಒತ್ತಿ ಸುತ್ತಿದರೆ ಗಿಡ್ಡ ಮಾಡಿದಂತೆಯೇ ಆಗುತ್ತದೆ, ಒಣ ನೆಲದಿಂದ ಒದ್ದೆ ನೆಲಕ್ಕೆ ಹೋದಾಗ ಮತ್ತೆ ಬಿಚ್ಚಬಹುದು.

ಕಾಯಿಲ್ ಇರುವ ಗಿಡ್ಡ ವಿಪ್ (ಸರಳಿನಂಥ) ಆಂಟೆನಾದಲ್ಲಿ ಮೊದಲು ಸೆಟ್ಟಿನಲ್ಲಿ ಕೇಳಿಸುವ ಗದ್ದಲವನ್ನೇ ಬಳಸಿ. ಕಾಯಿಲಿನ ಜಾರುಪಟ್ಟಿಯನ್ನು ಒಂದೊಂದೇ ಸುತ್ತು ಸರಿಸುತ್ತ ಹೋದಾಗ ಒಂದು ಕಡೆ ಗದ್ದಲ ಥಟ್ಟನೆ ಏರುತ್ತದೆ, ಅನುರಣನ ಅಲ್ಲೇ ಹತ್ತಿರದಲ್ಲಿದೆ. ಉಳಿದ ತಿದ್ದುಪಡಿಯನ್ನು ವಿಪ್ಪಿನ ಉದ್ದದಲ್ಲಿ ಮಾಡಿ. ಪ್ರಸಾರ ಮಾಡುತ್ತಿರುವಾಗ ಜಾರುಪಟ್ಟಿಯನ್ನಾಗಲಿ ವಿಪ್ಪನ್ನಾಗಲಿ ಮುಟ್ಟಬೇಡಿ, ಅಲ್ಲಿಯ ವೋಲ್ಟೇಜಿಗೆ ಬೆರಳು ಸುಡುತ್ತದೆ. ಇಂಥ ಆಂಟೆನಾಗಳಿಗೆ ನೆಲದ ತಂತಿ ಇನ್ನೂ ಹೆಚ್ಚು ಮುಖ್ಯ. ಬುಡದಲ್ಲಿ ಕಾಯಿಲ್ ಇರುವ ಎರಡೂವರೆ ಮೀಟರಿನ ವಿಪ್ಪಿಗೆ 40 ಮೀಟರ್ ಬ್ಯಾಂಡಿನಲ್ಲಿ ವಿಕಿರಣ ರೋಧ ಎರಡು ಓಮ್ ಕೂಡ ಇರುವುದಿಲ್ಲ. ನೆಲದ ನಷ್ಟ 10 ಓಮ್ ಇದ್ದರೆ ಆರರಲ್ಲಿ ಐದು ಪಾಲಿಗಿಂತ ಹೆಚ್ಚು ಶಕ್ತಿ ಮಣ್ಣಿನ ಪಾಲಾಗುತ್ತದೆ.

ಎಸ್‌ಡಬ್ಲ್ಯುಆರ್ 1.5ಕ್ಕೆ ಬಂದರೆ ನಿಲ್ಲಿಸಿ. ಅಲ್ಲಿ ಹಿಂದಿರುಗುವ ಶಕ್ತಿ ಶೇ 4 ಮಾತ್ರ. 2 ಇದ್ದರೂ ಶೇ 11. ತಂತಿ ಮಡಚಿದ ಜಾಗಕ್ಕೆ, ವಿಪ್ ಆದರೆ ಅದರ ಪ್ರತಿ ಬ್ಯಾಂಡಿನ ಉದ್ದಕ್ಕೆ, ಬಣ್ಣದ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿ. ಮುಂದಿನ ಸಲ ಟ್ಯೂನಿಂಗನ್ನು ಆ ಗುರುತಿನಿಂದಲೇ ಶುರುಮಾಡಬಹುದು. ಎಲ್ಲ ಮುಗಿಸಿ ಗಂಟು ಕಟ್ಟುವಾಗ ನೆಲದ ತಂತಿಗಳನ್ನು ಒಂದೊಂದು ಕಟ್ಟಾಗಿ ಪ್ರತ್ಯೇಕ ರಟ್ಟಿಗೆ ಸುತ್ತಿಡಿ, ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿದರೆ ಸಿಕ್ಕು ಬಿಡಿಸುವುದು ಬೇಸರವಾಗಿ ಮುಂದಿನ ಸಲ ಎರಡೇ ತಂತಿ ಹರಡುವಂತಾಗುತ್ತದೆ.