ಹಳೇ ಮಿನಿ ಕಾರಿಗೆ ಬೆಲೆ ಕಟ್ಟುವುದು ಹೇಗೆ?

ಬ್ರಿಟನ್ನಿನಲ್ಲಿ ನೆಲೆಸಿ, ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ನಮ್ಮವರು ಕೆಲವರು ಕೇಳುವುದುಂಟು: ‘ಒಂದು ಹಳೇ ಮಿನಿ ತಗೊಂಡು ಇಟ್ಟರೆ ಬೆಲೆ ಏರುತ್ತೆ ಅಲ್ವಾ?’ ಕೆಲವಕ್ಕೆ ಏರುತ್ತದೆ. ಆದರೆ ಜಾಸ್ತಿ ಜನ ಫಳಫಳ ಬಣ್ಣ ನೋಡಿ ದುಡ್ಡು ಎಣಿಸುತ್ತಾರೆ, ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ವೆಲ್ಡಿಂಗ್ ಅಂಗಡಿ ಹುಡುಕುತ್ತಾರೆ.

ಮೊದಲು, ಯಾವ ಮಿನಿ ಎಂದು ಗುರುತಿಸಿ. 1959ರಲ್ಲಿ ಶುರುವಾಗಿ 2000ದ ಅಕ್ಟೋಬರ್‌ವರೆಗೆ 53 ಲಕ್ಷಕ್ಕೂ ಹೆಚ್ಚು ಮಿನಿಗಳು ತಯಾರಾದವು. ಹಾಗಾಗಿ ‘ಅಪರೂಪ’ ಎಂಬ ಮಾರುವವರ ಮಾತಿಗೆ ಕಿವಿಗೊಡಬೇಡಿ. ಬಾಗಿಲಿನ ಹಿಂಜು ಹೊರಗೆ ಕಂಡು, ಗಾಜು ಪಕ್ಕಕ್ಕೆ ಸರಿಯುವಂತಿದ್ದರೆ ಅದು ಸಾಮಾನ್ಯವಾಗಿ 1960ರ ದಶಕದ ಗಾಡಿ, ಬೆಲೆ ಮೇಲಿರುತ್ತದೆ. ಎಲ್ಲಕ್ಕಿಂತ ಮೇಲೆ 1963ರಲ್ಲಿ ಬಂದ ಕೂಪರ್ ಎಸ್ ಎಂಬ ವೇಗದ ಮಾದರಿ. ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 65 ಮತ್ತು 67ರಲ್ಲಿ ಗೆದ್ದದ್ದು ಇದೇ. 66ರಲ್ಲೂ ಮೊದಲು ಬಂದಿತ್ತು, ಹೆಡ್‌ಲೈಟಿನ ತಕರಾರು ತೆಗೆದು ಹೊರಗಿಟ್ಟರು.

ನಕಲಿ ಇರುವುದೂ ಇದರದ್ದೇ. ಮಾಮೂಲಿ ಮಿನಿಗೆ ಬಿಳಿ ಟಾಪು, ಬಾನೆಟ್ ಮೇಲೆ ಎರಡು ಪಟ್ಟೆ, ಒಂದು ಬ್ಯಾಡ್ಜು ಹಾಕಿದರೆ ಮುಗಿಯಿತು. ಚಾಸಿಸ್ ನಂಬರ್ ನೋಡಿ. ಒಂದೇ ಕಾರನ್ನು ಮಾರಿಸ್, ಆಸ್ಟಿನ್ ಎಂಬ ಎರಡು ಹೆಸರಲ್ಲಿ ಮಾರುತ್ತಿದ್ದರು. ಮೊದಲ ಪೀಳಿಗೆಯ ಕೂಪರ್ ಎಸ್ ಆದರೆ, ಮಾರಿಸ್ ಹೆಸರಿನದು ಕೆ-ಎ2ಎಸ್4 ಎಂದೂ ಆಸ್ಟಿನ್ ಹೆಸರಿನದು ಸಿ-ಎ2ಎಸ್7 ಎಂದೂ ಶುರುವಾಗಬೇಕು. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ, ಕಾರ್ಖಾನೆಯ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಆ ಕಾಗದ ಇಲ್ಲದ ಕೂಪರ್ ಎಸ್‌ಗೆ ಮಾಮೂಲಿ ಮಿನಿಯ ಬೆಲೆಗಿಂತ ಒಂದು ಪೌಂಡೂ ಜಾಸ್ತಿ ಕೊಡಬೇಡಿ.

ಎರಡನೆಯದು ತುಕ್ಕು. ಇಲ್ಲಿ ಅವಸರ ಬೇಡ. ಮಳೆ ನಿಂತ ಮಾರನೇ ದಿನ ಹೋಗುವುದು ಒಳ್ಳೆಯದು. ಬಟ್ಟೆ ಸುತ್ತಿದ ಅಯಸ್ಕಾಂತ, ಟಾರ್ಚು, ಕೊಳೆಯಾದರೂ ಪರವಾಗಿಲ್ಲ ಎನ್ನುವ ಪ್ಯಾಂಟು ಇರಲಿ. ಮುಂದಿನ ಮಡ್‌ಗಾರ್ಡಿಗೂ ಬಾಗಿಲಿಗೂ ನಡುವೆ ಒಂದು ಕಿರಿದಾದ ತಗಡಿದೆ, ಅದನ್ನು ಎ-ಪ್ಯಾನೆಲ್ ಎನ್ನುತ್ತಾರೆ. ಮೊದಲು ಅಲ್ಲಿಗೆ ಅಯಸ್ಕಾಂತ ಹಿಡಿಯಿರಿ. ಅಂಟದೇ ಜಾರಿದರೆ ಒಳಗಿರುವುದು ಪುಟ್ಟಿ.

ನಂತರ ಬಾಗಿಲ ಕೆಳಗಿನ ಸಿಲ್. ಅಸಲಿ ಸಿಲ್ ಕಿರಿದು. ಕೊಳೆತದ್ದರ ಮೇಲೇ ಅಗಲದ ಹೊಸ ತಗಡು ಬೆಸೆದು ಮುಚ್ಚುವ ಚಾಳಿ ಹಳೆಯದು. ಹೊರಗಿನಿಂದ ನೀಟಾಗಿ ಕಾಣುತ್ತದೆ, ಒಳಗೆ ಕೊಳೆಯುತ್ತಲೇ ಇರುತ್ತದೆ. ಕಾರ್ಪೆಟ್ ಎತ್ತಿ ನೆಲ ಮುಟ್ಟಿ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆಸಿ, ಬ್ಯಾಟರಿ ಕೂರುವ ಡಬ್ಬಿಯ ಮೂಲೆಗಳನ್ನು ನೋಡಿ.

ಆಮೇಲೆ ಗಾಡಿ ಕೆಳಗೆ ನುಸುಳಿ. ಹಿಂದಿನ ಚಕ್ರಗಳನ್ನು ಹೊತ್ತ ಸಬ್‌ಫ್ರೇಮ್, ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪಿಗೆ ಬಲಿಯಾಗುತ್ತದೆ. ಮುಂದಿನದು ಬಚಾವಾಗುವುದು ಎಂಜಿನ್ನಿನಿಂದ ಸೋರುವ ಎಣ್ಣೆಯಿಂದ! ಸಬ್‌ಫ್ರೇಮ್ ಬೋಲ್ಟಿನದು, ಬದಲಿಸಬಹುದು. ಅದನ್ನು ಬಿಗಿದಿರುವ ಬಾಡಿಯ ತಗಡು, ಅಂದರೆ ಹಿಂದಿನ ಸೀಟಿನ ಮುಂಭಾಗದ ಕೆಳಗಿರುವುದು ಕೊಳೆತಿದ್ದರೆ ಖರ್ಚಿಗೆ ತಳವಿಲ್ಲ. ತಳಕ್ಕೆಲ್ಲ ಹೊಸದಾಗಿ ಕರಿ ಅಂಡರ್‌ಕೋಟಿಂಗ್ ಬಳಿದಿದ್ದರೆ ಸುಮ್ನೆ ವಾಪಸ್ ಬನ್ನಿ. ಆ ಕೋಟಿಂಗ್ ಡಬ್ಬಿಯಷ್ಟು ಸುಳ್ಳು ಹೇಳುವ ಸಾಮಾನು ಇನ್ನೊಂದಿಲ್ಲ.

ಎಂಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬಿಡಿಭಾಗ ಎಲ್ಲ ಸಿಗುತ್ತವೆ.

ಮೂರನೆಯದು ಪೇಪರು. ಸರ್ಕಾರದ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿದರೆ 2005ರಿಂದೀಚಿನ ಎಂಒಟಿ (ಗಾಡಿ ರಸ್ತೆಗೆ ಯೋಗ್ಯವೇ ಎಂದು ವರ್ಷಕ್ಕೊಮ್ಮೆ ನೋಡುವ) ಪರೀಕ್ಷೆಯ ಚರಿತ್ರೆ ಪುಕ್ಕಟೆ ಸಿಗುತ್ತದೆ. ಯಾವ ವರ್ಷ ಎಲ್ಲಿ ತುಕ್ಕೆಂದು ಬರೆದಿದ್ದಾರೆ, ಅದೇ ಜಾಗ ಮುಟ್ಟಿ ನೋಡಿ. 40 ವರ್ಷ ದಾಟಿದ, ದೊಡ್ಡ ಮಾರ್ಪಾಡಾಗದ ಗಾಡಿಗೆ ಎಂಒಟಿ ಕಡ್ಡಾಯವಲ್ಲ. ಆದರೂ ಮಾಡಿಸಿಕೊಟ್ಟರೆ ಮಾತ್ರ ಕೊಳ್ಳುತ್ತೇನೆ ಅನ್ನಿ.

ಇನ್ನು ಬೆಲೆ. ಜಾಹೀರಾತಿನಲ್ಲಿರುವುದು ಮಾರುವವರ ಆಸೆ. ಹರಾಜಿನಲ್ಲಿ ನಿಜವಾಗಿ ಕೈಬದಲಾದ ಮೊತ್ತ ನೋಡಿ, ಅದರಲ್ಲಿ ಹರಾಜು ಸಂಸ್ಥೆಯ ಕಮಿಷನ್ ಸೇರಿದೆಯೋ ಇಲ್ಲವೋ ಗಮನಿಸಿ. ಅದರಿಂದ ವೆಲ್ಡಿಂಗ್ ಮತ್ತು ಬಣ್ಣದ ಖರ್ಚು ಕಳೆಯಿರಿ. ಪೂರ್ತಿ ರಿಪೇರಿ ಮಾಡಿಸಿದ ಮಾಮೂಲಿ ಮಿನಿ ಹಾಕಿದ ದುಡ್ಡನ್ನು ವಾಪಸ್ ಕೊಡುವುದು ಅಪರೂಪ. ಬೇರೆಯವರು ಖರ್ಚು ಮಾಡಿ ಮುಗಿಸಿದ ಗಾಡಿಯನ್ನೇ ಹುಡುಕಿ, ರಿಪೇರಿಯ ಫೋಟೋ ಮತ್ತು ಬಿಲ್ ಕೇಳಿ.

ಮುಂದೆ ಏನು? ಬ್ರಿಟನ್ನಿನಲ್ಲಿ ಕಾರು ಮಾರಿದ ಲಾಭಕ್ಕೆ ಸಾಮಾನ್ಯವಾಗಿ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ, 40 ವರ್ಷ ದಾಟಿದರೆ ರಸ್ತೆ ತೆರಿಗೆಯೂ ಇಲ್ಲ. ಆದರೆ ವಿಮೆ, ಶೆಡ್ಡಿನ ಬಾಡಿಗೆ ಲಾಭವನ್ನು ಕಡಿಯುತ್ತವೆ. ಅಮೆರಿಕ 25 ವರ್ಷ ದಾಟಿದ ಗಾಡಿಗಳನ್ನು ಸಲೀಸಾಗಿ ಒಳಗೆ ಬಿಡುತ್ತದೆ. 2000ದ ಕೊನೆಯ ಮಿನಿಗೂ 2025ರಲ್ಲಿ ಆ ವಯಸ್ಸಾಯಿತು. ಹಾಗಾಗಿ 1990ರ ದಶಕದ, ಕಡಿಮೆ ಓಡಿದ ಕೂಪರ್‌ಗಳ ಮೇಲೆ ನನಗೆ ನಂಬಿಕೆ ಇದೆ. ಜಪಾನಿಗೆ ಹೋಗಿ ವಾಪಸ್ ಬಂದವು ಸಿಕ್ಕರೆ ಇನ್ನೂ ಒಳ್ಳೆಯದು. ದೊಡ್ಡ ಚಕ್ರ, ಫೈಬರ್ ಬಾನೆಟ್ ಹಾಕಿಸಿದವು ಬೇಡವೇ ಬೇಡ.

ಕೊಳ್ಳುವುದಾದರೆ ನವೆಂಬರಿನಲ್ಲಿ ಕೊಳ್ಳಿ, ಮಾರುವುದಾದರೆ ಏಪ್ರಿಲಿನಲ್ಲಿ. ವಿಮೆಯನ್ನು ಮಾತ್ರ ಮೊದಲೇ ಒಪ್ಪಿದ ಬೆಲೆಗೆ ಮಾಡಿಸಿ. ಇಲ್ಲದಿದ್ದರೆ ಅಪಘಾತವಾದ ದಿನ ಕಂಪನಿ ಹೇಳಿದ್ದೇ ಬೆಲೆ.