ಮೊದಲು ನೆರಳು ನೋಡಿ, ಆಮೇಲೆ ದಾರಿ: ಬೇಸಿಗೆಯಲ್ಲಿ ಸೈಕಲ್ ಪ್ರವಾಸ ಹೊರಡುವುದು ಹೇಗೆ?

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವ ಬಿಸಿಲು. ಇಂಥ ಬಿಸಿಲಲ್ಲಿ ಸೈಕಲ್ ಪ್ರವಾಸವಾ ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಮಾಡಬಹುದು, ಚೆನ್ನಾಗಿಯೇ ಮಾಡಬಹುದು. ಮಕ್ಕಳಿಗೆ, ಮೇಷ್ಟ್ರುಗಳಿಗೆ ರಜೆ ಸಿಗುವುದೇ ಆಗ. ಆದರೆ ಚಳಿಗಾಲದ ಲೆಕ್ಕವನ್ನೇ ಬೇಸಿಗೆಗೂ ಹಾಕಿದರೆ ಕೆಟ್ಟಿತು. ಚಳಿಗಾಲದಲ್ಲಿ ಊರಿಂದ ಊರಿಗೆ ಎಷ್ಟು ಕಿಲೋಮೀಟರ್ ಎಂದು ನೋಡಿ ಹೊರಡುತ್ತೇವೆ. ಬೇಸಿಗೆಯಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಎಲ್ಲಿ ಕೂತಿರುತ್ತೇವೆ? ಆ ಜಾಗ ಗೊತ್ತಾದ ಮೇಲೆ, ಅಲ್ಲಿಗೆ ಹತ್ತರೊಳಗೆ ಮುಟ್ಟಲು ಎಲ್ಲಿಂದ ಹೊರಡಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕಬೇಕು.

ದಿನಕ್ಕೆ ನಾಲ್ಕು ಗಂಟೆ, ಅಷ್ಟೇ

ಏಪ್ರಿಲ್ ಕೊನೆಗೆ ನಮ್ಮ ಕಡೆ ಸೂರ್ಯ ಹುಟ್ಟುವುದು ಹೆಚ್ಚುಕಮ್ಮಿ ಆರು ಗಂಟೆಗೆ. ಐದೂವರೆಗೆ ದಾರಿ ಕಾಣುವಷ್ಟು ನಸುಕು ಹರಿದಿರುತ್ತದೆ. ಒಂಬತ್ತೂವರೆಗೆ ಟಾರು ಕಾಯಲು ಶುರು. ಈ ನಾಲ್ಕು ಗಂಟೆ ನಿಮ್ಮದು. ಸಾಮಾನು ಕಟ್ಟಿದ ಸಾದಾ ಸೈಕಲ್ ಗಂಟೆಗೆ 12 ಕಿ.ಮೀ. ಆಸುಪಾಸು ಹೋಗುತ್ತದೆ. ಚಹಾ, ನಾಷ್ಟಾ, ನೀರು ಎಂದು ನಿಲ್ಲುವುದನ್ನು ಕಳೆದರೆ ದಿನಕ್ಕೆ 40 ಕಿ.ಮೀ. ಸಾಕು. ಗೇರ್ ಸೈಕಲ್ ಇದ್ದು ರೂಢಿಯೂ ಇದ್ದರೆ 50.

ಸಂಜೆ ಇನ್ನೊಂದಿಷ್ಟು ತುಳಿಯೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಐದು ಗಂಟೆಗೂ ರಸ್ತೆಯ ಝಳ ಇಳಿದಿರುವುದಿಲ್ಲ. ಏಪ್ರಿಲ್ ಕೊನೆಯಿಂದ ಗುಡುಗು ಮಳೆ ಬರುವುದೂ ಬಹಳ ಸಲ ಅದೇ ಹೊತ್ತಿಗೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ರೈತನಿಗೆ ಒಳ್ಳೆಯದೇ, ಬಯಲಲ್ಲಿ ಸೈಕಲ್ ಮೇಲೆ ಇರುವವನಿಗೆ ಮಾತ್ರ ಅಪಾಯ.

ಹತ್ತು ದಿನ ಮುಂಚೆ ಮೈ ಪಳಗಿಸಿ

ಬಿಸಿಲಿಗೆ ಮೈ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆಮೇಲೆ ಬೆವರು ಬೇಗ ಬರುತ್ತದೆ, ಬೆವರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಹಾಗಾಗಿ ಫ್ಯಾನ್ ಕೆಳಗೆ ಕೂತು ಕೆಲಸ ಮಾಡುವವರು ಶನಿವಾರ ತೀರ್ಮಾನಿಸಿ ಭಾನುವಾರ ಹೊರಡುವುದು ಬೇಡ. ದಿನಾ ಬೆಳಗ್ಗೆ ಅರ್ಧ ಗಂಟೆಯಿಂದ ಶುರು ಮಾಡಿ, ಒಂದೂವರೆ ಗಂಟೆಗೆ ಏರಿಸಿ. ಕೊನೆಗೊಮ್ಮೆ ಪ್ರವಾಸಕ್ಕೆ ಒಯ್ಯುವ ಸಾಮಾನನ್ನೆಲ್ಲ ಕಟ್ಟಿಕೊಂಡು ಒಂದು ಪರೀಕ್ಷೆಯ ಸವಾರಿ ಮಾಡಿ. ಕೊಪ್ಪಳದವರಿಗೆ ಕಿನ್ನಾಳ ಇದಕ್ಕೆ ಹೇಳಿ ಮಾಡಿಸಿದ ದೂರ. ಹೋಗಿ ಬಂದರೆ 25 ಕಿ.ಮೀ. ಆಸುಪಾಸು. ಹಗುರ ಮರ, ಹುಣಸೆ ಬೀಜದ ಅಂಟಿನಿಂದ ಗೊಂಬೆ ಮಾಡುವ ಮನೆಗಳನ್ನು ನೋಡಿಕೊಂಡು ಬಿಸಿಲೇರುವ ಮುಂಚೆ ವಾಪಸ್ ಬರಬಹುದು. ಕ್ಯಾರಿಯರ್ ಅಲುಗುತ್ತದಾ, ಸೀಟು ಒತ್ತುತ್ತದಾ ಎಂಬುದೆಲ್ಲ ಅಲ್ಲೇ ಗೊತ್ತಾಗುತ್ತದೆ.

ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ಮಾತ್ರೆ ತಗೊಳ್ಳುವವರು ಡಾಕ್ಟರ್‌ಗೆ ಹೇಳಿಯೇ ಹೊರಡಿ. ಕೆಲವು ಬಿಪಿ ಮಾತ್ರೆಗಳು ಮೈಯ ನೀರನ್ನು ಹೊರಹಾಕುತ್ತವೆ. ಬಿಸಿಲಲ್ಲಿ ಅದು ದೊಡ್ಡ ವಿಷಯ.

ಮೂರು ದಿನದ ಒಂದು ದಾರಿ

ಮೊದಲ ಸಲ ಹೊರಡುವವರಿಗೆ ನಾನು ಹೇಳುವುದು ಕೊಪ್ಪಳ, ಹುಲಿಗಿ, ಆನೆಗೊಂದಿ, ಗಂಗಾವತಿ, ಕನಕಗಿರಿ ದಾರಿ. ಕಾರಣ ಎರಡು. ಮೇ ತಿಂಗಳಲ್ಲಿ ಇಲ್ಲಿ ಗಾಳಿ ಬಹುಪಾಲು ಪಡುವಣದಿಂದ ಬೀಸುತ್ತದೆ, ಕೊಪ್ಪಳದಿಂದ ಮೂಡಣಕ್ಕೆ ಹೊರಟರೆ ಬೆನ್ನಿಗೆ ಗಾಳಿ. ಇಟಗಿಯ ಮಹಾದೇವ ದೇವಾಲಯದ ಕಡೆ ಹೊರಟರೆ ಇದೇ ಗಾಳಿ ಎದೆಗೆ ಹೊಡೆಯುತ್ತದೆ, ಅದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಎರಡನೇ ಕಾರಣ ನೆರಳು. ಈ ದಾರಿಯಲ್ಲಿ ಮಧ್ಯಾಹ್ನ ಕಳೆಯಲು ಒಳ್ಳೊಳ್ಳೆ ಜಾಗಗಳಿವೆ.

ಮೊದಲ ದಿನ ಕೊಪ್ಪಳದಿಂದ ಗಿಣಿಗೇರಾ ಮೇಲೆ ಹುಲಿಗಿ. 20ರಿಂದ 25 ಕಿ.ಮೀ. ಇಲ್ಲಿ ಹೆದ್ದಾರಿ ಹಿಡಿಯಲೇಬೇಕು, ಗಿಣಿಗೇರಾ ಸುತ್ತ ಕಾರ್ಖಾನೆಗಳಿರುವುದರಿಂದ ಲಾರಿ ಜಾಸ್ತಿ. ನಸುಕಿನಲ್ಲೇ ಈ ತುಂಡನ್ನು ಮುಗಿಸಿಬಿಡಿ. ಹಿಂದೆ ಕೆಂಪು ದೀಪ ಉರಿಯುತ್ತಿರಲಿ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಿ. ಹುಲಿಗೆಮ್ಮನ ಗುಡಿಗೆ ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಜನ ಕಿಕ್ಕಿರಿಯುತ್ತಾರೆ, ಮೇ–ಜೂನ್ ಹೊತ್ತಿಗೆ ಜಾತ್ರೆಯೂ ಇರುತ್ತದೆ. ಆ ದಿನಗಳನ್ನು ತಪ್ಪಿಸಿ. ಅಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಮುಗಿಸಿ ಶಿವಪುರ, ಸಾಣಾಪುರ ಮೇಲೆ ಆನೆಗೊಂದಿ ದಾರಿ ಹಿಡಿಯಿರಿ. ಇದೂ ಹೆಚ್ಚುಕಮ್ಮಿ ಅಷ್ಟೇ ದೂರ. ಗುಂಡುಕಲ್ಲಿನ ಗುಡ್ಡ, ಗದ್ದೆ, ಬಾಳೆ ತೋಟ ಒಂದರ ಪಕ್ಕ ಒಂದು ಬರುವ ಇಂಥ ರಸ್ತೆ ಮೂರು ಜಿಲ್ಲೆಯಲ್ಲಿ ಇನ್ನೊಂದಿಲ್ಲ ಅನ್ನುತ್ತೇನೆ. ಸಾಣಾಪುರದ ಕೆರೆ ನೋಡಿದರೆ ಇಳಿಯಬೇಕು ಅನಿಸುತ್ತದೆ. ದಡದಲ್ಲಿ ಕೂತು ನೋಡಿ, ಈಜಲು ಇಳಿಯಬೇಡಿ. ಆಳ ತಿಳಿಯದ ಜಾಗ, ನೀರೊಳಗೆ ಬಂಡೆಗಳಿವೆ.

ಹತ್ತು ಗಂಟೆಗೆ ಆನೆಗೊಂದಿ ಸುತ್ತಿನ ಹೋಂಸ್ಟೇ ಒಂದರಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ಶನಿವಾರ, ಭಾನುವಾರವಾದರೆ ಮುಂಚೆಯೇ ಫೋನ್ ಮಾಡಿಟ್ಟುಕೊಳ್ಳಿ. ಅಂಜನಾದ್ರಿಗೆ 575 ಮೆಟ್ಟಿಲು, ಬರಿಗಾಲಲ್ಲಿ ಮಧ್ಯಾಹ್ನ ಹತ್ತಿದರೆ ಅಂಗಾಲು ಬೊಬ್ಬೆ ಬರುತ್ತದೆ. ಹೊತ್ತು ಇಳಿದ ಮೇಲೆ ಹತ್ತಿ. ಈ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಕತ್ತಲಾಗುವ ಮುಂಚೆ ಕೋಣೆ ಸೇರಿ, ಮಾರನೇ ದಿನ ಇಲ್ಲಿಂದ ಮಾತ್ರ ಪೂರ್ತಿ ಬೆಳಕು ಹರಿದ ಮೇಲೆಯೇ ಹೊರಡಿ.

ಎರಡನೇ ದಿನ ದೂರ ಕಡಿಮೆ. ಗಂಗಾವತಿಗೆ 10ರಿಂದ 15 ಕಿ.ಮೀ., ಅಲ್ಲಿಂದ ಕನಕಗಿರಿಗೆ 20 ಕಿ.ಮೀ. ಆಸುಪಾಸು. ಬೇಸಿಗೆ ಬೆಳೆಗೆ ನೀರು ಸಿಕ್ಕ ವರ್ಷವಾದರೆ ಭತ್ತದ ಟ್ರ್ಯಾಕ್ಟರ್‌ಗಳು, ಕೊಯ್ಲಿನ ಯಂತ್ರಗಳು ಎದುರಾಗುತ್ತವೆ, ರಸ್ತೆ ಅಂಚಿಗೆ ಭತ್ತ ಒಣಹಾಕಿರುತ್ತಾರೆ. ಅದರ ಮೇಲೆ ಚಕ್ರ ಹೋದರೆ ಜಾರುತ್ತದೆ, ರೈತನ ಕಾಳೂ ಹಾಳು. ಇಳಿದು ತಳ್ಳಿಕೊಂಡು ದಾಟಿ.

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತು ಎಲ್ಲರಿಗೂ ಗೊತ್ತು, ಹೋದವರು ಕಡಿಮೆ. ಕನಕಾಚಲಪತಿ ಗುಡಿಯ ಕಲ್ಲುಕಂಬದ ಮಂಟಪ ವಿಶಾಲವಾಗಿದೆ. ಒಳಗಿನ ಕಂಬಗಳ ಕೆತ್ತನೆ ನೋಡುತ್ತಾ ಹೋದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಊರ ಹೊರಗೆ ವೆಂಕಟಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಇದೆ, ಅದನ್ನು ಸಂಜೆಗೆ ಇಟ್ಟುಕೊಳ್ಳಿ. ಮೂರನೇ ದಿನ ಬೆಳಗ್ಗೆ ಗಂಗಾವತಿಗೆ ವಾಪಸ್.

ಕಾಲಲ್ಲಿ ಇನ್ನೂ ಬಲ ಇದ್ದವರು ಕನಕಗಿರಿಯಿಂದ ತಾವರಗೇರಾ ಮೇಲೆ ಮುದಗಲ್ ಕೋಟೆಗೆ ಹೋಗಬಹುದು. ಅಲ್ಲಿಂದ ಲಿಂಗಸುಗೂರು, ಮಸ್ಕಿ. ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿದ್ದು ಮಸ್ಕಿಯ ಬಂಡೆಯ ಮೇಲೆ. ಆದರೆ ಇದು ಮರ ಕಡಿಮೆ ಇರುವ ಬಯಲು ದಾರಿ. ಕನಕಗಿರಿಯಿಂದ ಮುದಗಲ್‌ವರೆಗೆ ಒಂದೇ ಬೆಳಗ್ಗೆ ಎಳೆಯಬೇಡಿ, ತಾವರಗೇರಾದಲ್ಲಿ ತುಂಡು ಮಾಡಿ.

ನೀರು: ಬಾಯಾರಿಕೆಗೆ ಕಾಯಬೇಡಿ

ತುಳಿಯುವಾಗ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಬೇಕು. ಒಮ್ಮೆಗೇ ಗಟಗಟ ಕುಡಿಯದೆ, ಕಾಲು ಗಂಟೆಗೊಮ್ಮೆ ನಾಲ್ಕು ಗುಟುಕು. ಸೈಕಲ್ ಮೇಲೆ ಯಾವಾಗಲೂ ಮೂರು ಲೀಟರ್ ಇರಲಿ, ಒಂದು ಲೀಟರ್‌ಗೆ ಇಳಿದ ಕೂಡಲೇ ತುಂಬಿಸಿ. ಬಾಟಲಿಗೆ ಹಳೆ ಕಾಲುಚೀಲ ಹಾಕಿ ನೀರಲ್ಲಿ ನೆನೆಸಿ. ನಮ್ಮ ಕಡೆ ಗಾಳಿ ಒಣ, ಬಟ್ಟೆಯ ತೇವ ಆರುತ್ತಾ ಒಳಗಿನ ನೀರನ್ನು ತಂಪಾಗಿಡುತ್ತದೆ.

ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ಕಿಸೆಯಲ್ಲಿ ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ. ಬಸ್ ಸ್ಟ್ಯಾಂಡ್ ಹತ್ತಿರ ಬೇಸಿಗೆಗೆ ಅರವಟ್ಟಿಗೆ ಇಡುತ್ತಾರೆ. ನಕ್ಷೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ನೀಲಿ ಗೆರೆಯಾಗಿ ಕಾಣುತ್ತದೆ ಎಂದು ಅದನ್ನು ನಂಬಬೇಡಿ. ಬೇಸಿಗೆಯಲ್ಲಿ ಬಹಳ ಕಡೆ ನೀರು ನಿಲ್ಲಿಸಿರುತ್ತಾರೆ. ನೀರಿದ್ದರೂ ಅದು ಕುಡಿಯುವುದಕ್ಕಲ್ಲ, ಈಜುವುದಕ್ಕಂತೂ ಅಲ್ಲವೇ ಅಲ್ಲ.

ಬರೀ ನೀರು ಸಾಲದು, ಬೆವರಲ್ಲಿ ಹೋದ ಉಪ್ಪು ವಾಪಸ್ ಬರಬೇಕು. ಒಆರ್‌ಎಸ್ ಪೊಟ್ಟಣ ನಾಲ್ಕೈದು ಇರಲಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಮಟ್ಟಸವಾಗಿ ಅಳೆದು ಹಾಕಿ ಕಲಸಿ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಸಿಕ್ಕರೆ ಬಿಡಬೇಡಿ. ತಿನ್ನಲು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದರೆ ಬಿಸಿಲಿಗೆ ಕೆಡುವುದಿಲ್ಲ. ಮಧ್ಯಾಹ್ನದ ಊಟ ಖಾನಾವಳಿಯಲ್ಲಿ ಹೊಟ್ಟೆ ತುಂಬ ಆಗಲಿ, ತುಳಿಯುವ ಮುಂಚಿನ ನಾಷ್ಟಾ ಹಗುರ ಇರಲಿ.

ಮೂತ್ರದ ಬಣ್ಣ ನೋಡಿಕೊಳ್ಳಿ, ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದರ್ಥ. ತಲೆ ಸುತ್ತು, ವಾಕರಿಕೆ, ಸೆಡೆತ ಬಂದರೆ ಆ ದಿನದ ಸವಾರಿ ಅಲ್ಲಿಗೆ ಮುಗಿಯಿತು. ಜೊತೆಯವರು ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಉಷ್ಣಾಘಾತ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ನೆ ಕೂರಬೇಡಿ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸಿ. ಎಚ್ಚರ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಸೈಕಲ್ ಮತ್ತು ಜಾಲಿ ಮುಳ್ಳು

ಹೊಸ ಸೈಕಲ್ ಬೇಕಿಲ್ಲ. ಮನೆಯಲ್ಲಿರುವುದರ ಬ್ರೇಕ್ ರಬ್ಬರ್, ಚೈನು, ಟೈರು ಸರಿ ಇದ್ದರೆ ಸಾಕು. ಸೀಟಿನ ಎತ್ತರ ಮಾತ್ರ ನೋಡಿ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಮೊಣಕಾಲು ನೆಟ್ಟಗಾಗಬೇಕು. ಸಾಮಾನು ಬೆನ್ನಿಗೆ ಬೇಡ, ಬೆನ್ನು ಬೆವೆತು ಬೇಯುತ್ತದೆ. ಕ್ಯಾರಿಯರ್ ಎರಡೂ ಬದಿಗೆ ಸಮ ತೂಕದಲ್ಲಿ ಕಟ್ಟಿ. ಸಡಿಲ ತುಂಬುತೋಳಿನ ಹತ್ತಿ ಅಂಗಿ, ಹೆಲ್ಮೆಟ್, ಕುತ್ತಿಗೆಗೆ ಒದ್ದೆ ಟವೆಲ್.

ಈ ಕಡೆ ತುಳಿಯುವವರ ನಿಜವಾದ ಕಾಟ ಮುಳ್ಳು. ರಸ್ತೆಯ ಎರಡೂ ಬದಿ ಬಳ್ಳಾರಿ ಜಾಲಿ, ಮಣ್ಣಿನ ಅಂಚಲ್ಲಿ ನೆಗ್ಗಿಲು. ಸೈಕಲ್ ನಿಲ್ಲಿಸಲು ಟಾರು ಬಿಟ್ಟು ಇಳಿಯುವಾಗ ಎತ್ತಿಕೊಂಡು ಇಳಿಯಿರಿ. ಎರಡು ಹೊಸ ಟ್ಯೂಬ್, ಪಂಪ್, ಟೈರ್ ಬಿಚ್ಚುವ ಲಿವರ್, ಉಜ್ಜುಕಾಗದ, ಪ್ಯಾಚ್, ಅದನ್ನು ಅಂಟಿಸುವ ಸೊಲ್ಯೂಷನ್ ಬೇಕೇ ಬೇಕು. ಒಮ್ಮೆ ತೆರೆದ ಸೊಲ್ಯೂಷನ್ ಟ್ಯೂಬ್ ಬಿಸಿಲಿಗೆ ಒಣಗಿಹೋಗುತ್ತದೆ, ತೆರೆಯದ್ದೊಂದು ಇರಲಿ.

ಪಂಕ್ಚರ್ ಆದಾಗ ಟ್ಯೂಬ್ ಬದಲಿಸುವ ಮುಂಚೆ ಮುಳ್ಳನ್ನು ಹುಡುಕಿ. ಜಾಲಿ ಮುಳ್ಳಿನ ತುದಿ ಟೈರಿನೊಳಗೆ ಮುರಿದು ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಟೈರಿನ ಒಳಮೈಗೆ ಒಂದು ತುಂಡು ಹತ್ತಿ ಹಿಡಿದು ನಿಧಾನಕ್ಕೆ ಸುತ್ತ ಸವರಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ಮುಳ್ಳು. ಹೊರಗಿನಿಂದ ಒತ್ತಿ ಒಳಗಿನಿಂದ ಕೀಳಿ. ಒಂದು ಸಿಕ್ಕಿತೆಂದು ಬಿಡದೆ ಪೂರ್ತಿ ಸುತ್ತು ಹಾಕಿ. ತೂತಾದ ಟ್ಯೂಬನ್ನು ಮಧ್ಯಾಹ್ನ ನೆರಳಲ್ಲಿ ಕೂತು ಸರಿ ಮಾಡಿ. ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಅದರ ಹೊಳಪು ಹೋಗುವವರೆಗೆ ಕಾದು ಪ್ಯಾಚ್ ಒತ್ತಬೇಕು. ಸೈಕಲ್ಲನ್ನೂ ಬಿಸಿಲಲ್ಲಿ ನಿಲ್ಲಿಸಬೇಡಿ, ಗಾಳಿ ಉಬ್ಬಿ ಹಳೆ ಪ್ಯಾಚ್ ಬಿಡುತ್ತದೆ.

ಗುಡುಗಿದರೆ

ಗುಡುಗು ಕೇಳಿಸಿತೆಂದರೆ ಸಿಡಿಲು ಬೀಳುವಷ್ಟು ಹತ್ತಿರದಲ್ಲೇ ಇದೆ. ಹೊಲದ ನಡುವಿನ ಒಂಟಿ ಬೇವಿನ ಮರ ಕರೆಯುತ್ತದೆ, ಅದರ ಕೆಳಗೆ ನಿಲ್ಲಬೇಡಿ. ಪ್ರತಿ ವರ್ಷ ಮುಂಗಾರಿನ ಮುಂಚಿನ ಮಳೆಯಲ್ಲಿ ಹೀಗೆ ನಿಂತವರ ಸುದ್ದಿ ಓದುತ್ತೇವೆ. ಶಾಲೆ, ಗುಡಿ, ಮನೆ, ಯಾವುದಾದರೂ ಗಟ್ಟಿ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾದು ಹೊರಡಿ.

ವಾಪಸ್ ಬರುವುದನ್ನೂ ಮುಂಚೆಯೇ ಗೊತ್ತು ಮಾಡಿ

ಗಂಗಾವತಿಯಿಂದ ಕೊಪ್ಪಳಕ್ಕೆ ಪಡುವಣ ಗಾಳಿಗೆ ಎದುರಾಗಿ ತುಳಿಯುವ ಹಟ ಬೇಡ. ಸರ್ಕಾರಿ ಬಸ್ಸಿನಲ್ಲಿ ಸೈಕಲ್ ಹಾಕಲು ಜಾಗ ಇದೆಯಾ ಎಂದು ಹೊರಡುವ ಮುಂಚೆಯೇ ಡಿಪೋದಲ್ಲಿ ಕೇಳಿಟ್ಟುಕೊಳ್ಳಿ, ಲಗೇಜ್ ಟಿಕೆಟ್ ತಗೊಳ್ಳಿ. ಮೇಲೆ ಕಟ್ಟುವುದಾದರೆ ಹಗ್ಗ ನಿಮ್ಮದೇ ಇರಲಿ, ಹ್ಯಾಂಡಲ್ ತಿರುಗದಂತೆ ಫ್ರೇಮಿಗೆ ಬಿಗಿದು ಕಟ್ಟಿ. ಗಂಗಾವತಿಗೆ ರೈಲೂ ಇದೆ. ರೈಲಿನಲ್ಲಾದರೆ ಸೈಕಲ್ಲನ್ನು ಲಗೇಜ್ ಎಂದು ಬುಕ್ ಮಾಡಬೇಕು, ಬೋಗಿಯೊಳಗೆ ನುಗ್ಗಿಸುವಂತಿಲ್ಲ. ನಿಮ್ಮ ರೈಲಿಗೆ ಲಗೇಜ್ ಬುಕಿಂಗ್ ಉಂಟಾ ಎಂದು ನಿಲ್ದಾಣದಲ್ಲಿ ಹಿಂದಿನ ದಿನವೇ ವಿಚಾರಿಸಿ, ರೈಲು ಬರುವುದಕ್ಕೆ ಸಾಕಷ್ಟು ಮುಂಚೆ ಹೋಗಿ ಚೀಟಿ ಕಟ್ಟಿಸಿ. ಚೀಟಿಯ ಮೇಲಿನ ನಂಬರನ್ನೇ ಸೈಕಲ್ ಮೇಲೂ ಬರೆದಿದ್ದಾರಾ ಎಂದು ನೋಡಿಕೊಂಡೇ ರೈಲು ಹತ್ತಿ.